ಬ್ಯಾಟರಿಯ ಜಮಾಖರ್ಚು



ಹಗಲೆಲ್ಲ ಕೈಯಲ್ಲಿ ಹಿಡಿದು ತಿರುಗುವ ಮೊಬೈಲಿಗೆ ರಾತ್ರಿ ಮಲಗುವ ಮುನ್ನ ಗೋಡೆಯ ವಿದ್ಯುತ್ತನ್ನು ಉಣಿಸುವುದು ಈಗ ಮನೆಮನೆಯ ನಿತ್ಯಕರ್ಮವಾಗಿರುವುದು. ಅಂಗಳದಲ್ಲಿ ನಿಂತಿರುವ ಮೋಟಾರು ಸೈಕಲ್ಲಿನೊಳಗೂ ಒಂದು ಬ್ಯಾಟರಿಯುಂಟು. ಆದರೆ ಅದಕ್ಕೆ ಯಾರೂ ಪ್ರತಿರಾತ್ರಿಯೂ ಗೋಡೆಯಿಂದ ತಂತಿಯನ್ನು ಎಳೆದು ಕಟ್ಟುವುದನ್ನು ನಾವು ಕಾಣೆವು. ಪೆಟ್ರೋಲಿನ ಹಂಗಿಲ್ಲದೆ ವಿದ್ಯುತ್ತಿನಿಂದಲೇ ಓಡುವ ಹೊಸ ವಾಹನಗಳ ಮಾತು ಬೇರೆ; ಅವು ಈ ಹೊತ್ತಿನ ವಿಷಯವಲ್ಲ. ಉಳಿದ ವಾಹನಗಳಲ್ಲಿ ದೀಪ ಉರಿಯುವುದು, ಹಾರನ್ ಕೂಗುವುದು, ಗುಂಡಿಯನ್ನೊತ್ತಿದ ಮಾತ್ರಕ್ಕೆ ಇಂಜಿನು ಎಚ್ಚರಗೊಳ್ಳುವುದು. ದಿನವೂ ಇಷ್ಟೊಂದು ವ್ಯಯವಾಗುವ ಬ್ಯಾಟರಿಗೆ ಆಯವೆಲ್ಲಿಂದ ಬರುವುದು? ಈ ಪ್ರಶ್ನೆಯನ್ನು ನಾನು ಅರುವತ್ತು ವರ್ಷಗಳವರೆಗೆ ಕೇಳಿಕೊಂಡವನಲ್ಲ. ಕೇಳಿಕೊಳ್ಳದೆ ಇದ್ದುದರ ದಂಡವನ್ನು ಹೋದ ಆಷಾಢದ ಒಂದು ರಾತ್ರಿ ತೆತ್ತೆನು. ಆ ವೃತ್ತಾಂತವನ್ನು ಮೊದಲು ಹೇಳಿ, ಆಮೇಲೆ ಕಲಿತ ಪಾಠವನ್ನು ಒಪ್ಪಿಸುವೆನು.

ನಮ್ಮ ಮಗನು ಉದ್ಯೋಗನಿಮಿತ್ತ ಎರಡು ತಿಂಗಳು ಪರಸ್ಥಳಕ್ಕೆ ಹೋಗಬೇಕಾಗಿ ಬಂದಿತು. ಹೊರಡುವಾಗ ತನ್ನ ಮೋಟಾರು ಸೈಕಲ್ಲನ್ನು ನನ್ನ ವಶಕ್ಕೆ ಕೊಟ್ಟು, "ಅಪ್ಪಾ, ಆಗಾಗ ಸ್ವಲ್ಪ ಓಡಿಸುತ್ತಿರಿ, ಬ್ಯಾಟರಿ ಇಳಿಯಬಾರದು" ಎಂದು ಹೇಳಿಹೋದನು. ನಾನು ಆ ವಾಕ್ಯದಲ್ಲಿದ್ದ "ಓಡಿಸು" ಎಂಬ ಕ್ರಿಯಾಪದವನ್ನು ಅಲಕ್ಷಿಸಿದೆನು. ಮೂವತ್ತು ವರ್ಷ ಮಕ್ಕಳಿಗೆ ಪದಚ್ಛೇದ, ಅನ್ವಯಗಳನ್ನು ಹೇಳಿಕೊಟ್ಟವನು ಮಗನ ಒಂದು ವಾಕ್ಯಕ್ಕೆ ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲವೆಂಬುದು ನಾಚಿಕೆಯ ಸಂಗತಿಯೇ ಸರಿ. ಪ್ರತಿದಿನ ಪ್ರಾತಃಕಾಲದಲ್ಲಿ ಸ್ನಾನ ಸಂಧ್ಯೆಗಳನ್ನು ಮುಗಿಸಿ, ಅಂಗಳಕ್ಕೆ ಬಂದು, ವಾಹನವನ್ನು ನಿಂತಲ್ಲಿಯೇ ಗುಂಡಿಯೊತ್ತಿ ಎಬ್ಬಿಸಿ, ಗಡಿಯಾರ ನೋಡಿಕೊಂಡು ಎರಡು ನಿಮಿಷ ಗುರುಗುಟ್ಟಿಸಿ, ಆರಿಸಿಬಿಡುತ್ತಿದ್ದೆನು. ಒಂದು ದಿನವೂ ತಪ್ಪಿದವನಲ್ಲ. ಬ್ಯಾಟರಿಗೆ ಆ ದಿನದ ಆಹಾರ ಸಂದಿತೆಂದು ನನಗೆ ತೃಪ್ತಿ. ಇದೇ ಉಪಾಯವನ್ನು ಎದುರುಮನೆಯವರಿಗೂ ಬೋಧಿಸಿದ್ದೆನು.

ಹೀಗೆ ನಲವತ್ತು ದಿನಗಳು ಕಳೆದುವು. ನನ್ನ ಪತ್ನಿಗೆ ಬಹುಕಾಲದಿಂದ ಉಬ್ಬಸದ ತೊಂದರೆಯುಂಟು. ಆ ರಾತ್ರಿ ಎರಡು ಗಂಟೆಯ ಸುಮಾರಿಗೆ ಜಡಿಮಳೆಯ ಥಂಡಿಗೆ ಉಸಿರು ಕಟ್ಟಿಕೊಂಡು ಎದ್ದು ಕುಳಿತಳು. ಬಾಯಿಗೆ ಎಳೆದುಕೊಳ್ಳುವ ಔಷಧದ ಡಬ್ಬಿ ಬರಿದಾಗಿದ್ದಿತು. ರಾತ್ರಿಯೆಲ್ಲ ತೆರೆದಿರುವ ಔಷಧದ ಅಂಗಡಿಯು ನಮ್ಮ ಮನೆಗೆ ಎರಡು ಮೈಲಿ ದೂರ. ನಾನು ಅಂಗಿ ಹಾಕಿಕೊಂಡು ಹೊರಗೆ ಬಂದು ಗುಂಡಿಯನ್ನೊತ್ತಿದೆನು. ಇಂಜಿನು ಏಳಲಿಲ್ಲ. "ಟಕ್ ಟಕ್ ಟಕ್" ಎಂದು ಹಲ್ಲಿ ಲೊಚಗುಟ್ಟಿದಂತೆ ಒಂದು ಶಬ್ದವಾಯಿತು, ಮುಂದಿನ ಫಲಕದಲ್ಲಿದ್ದ ಅಂಕೆಗಳು ಮಂಕಾದುವು, ಅಷ್ಟೆ. ಆ ವಾಹನಕ್ಕೆ ಕಾಲಿನಿಂದ ಒದ್ದು ಎಬ್ಬಿಸುವ ಸನ್ನೆಯೇ ಇಲ್ಲ. ಇಳಿಜಾರಿನಲ್ಲಿ ತಳ್ಳಿ ನೋಡಿದೆನು, ಅದೂ ಫಲಿಸಲಿಲ್ಲ. ಕೊನೆಗೆ ಹಿಂದಿನ ಬೀದಿಯ ಆಟೋರಿಕ್ಷಾದವನ ಬಾಗಿಲು ತಟ್ಟಿ, ಅವನನ್ನು ಎಬ್ಬಿಸಿ, ಔಷಧವನ್ನು ತರುವ ವೇಳೆಗೆ ಮುಕ್ಕಾಲು ಗಂಟೆಯಾಗಿದ್ದಿತು. ದೇವರು ದೊಡ್ಡವನು, ಅವಳು ಚೇತರಿಸಿಕೊಂಡಳು. ಆದರೆ ಕಿಟಕಿಯ ಕಂಬಿಯನ್ನು ಹಿಡಿದು ಒಂದೊಂದು ಉಸಿರಿಗೂ ಸೆಣಸುತ್ತಿದ್ದ ಅವಳನ್ನು ಬಿಟ್ಟು ಹೋದ ಆ ಮುಕ್ಕಾಲು ಗಂಟೆಯನ್ನು ನಾನು ಮರೆಯಲಾರೆನು.

ಬೆಳಗಾದ ಮೇಲೆ ವಾಹನವನ್ನು ತಳ್ಳಿಕೊಂಡು ರಿಪೇರಿಯವನ ಬಳಿಗೆ ಹೋದೆನು. "ದಿನಾ ತಪ್ಪದೆ ಚಾರ್ಜು ಮಾಡಿದ್ದೇನಪ್ಪ, ಆದರೂ ಹೀಗೇಕಾಯಿತು?" ಎಂದು ಕೇಳಿದೆನು.

"ದಿನಾ ಎಷ್ಟು ದೂರ ಓಡಿಸ್ತಿದ್ರಿ, ಮೇಷ್ಟ್ರೇ?" ಎಂದನು ಅವನು.

"ಓಡಿಸಲಿಲ್ಲ. ನಿಂತಲ್ಲೇ ಎರಡು ನಿಮಿಷ ಸ್ಟಾರ್ಟು ಮಾಡಿ ಆರಿಸುತ್ತಿದ್ದೆ."

ಅವನು ನಗಲಿಲ್ಲ, ಅದು ಅವನ ಸೌಜನ್ಯ. "ಚಾರ್ಜ್ ಮಾಡಿಲ್ಲ, ಮೇಷ್ಟ್ರೇ. ದಿನಾ ಸ್ವಲ್ಪ ಸ್ವಲ್ಪ ತೆಗೆದಿದ್ದೀರಿ" ಎಂದನು. ಮನೆಗೆ ಬಂದು ಈ ಮಾತನ್ನು ತಿಳಿಸಲು ನನ್ನ ಪತ್ನಿಯು, "ಅಂದರೆ ದಿನಾ ದೇವರಿಗೆ ನೈವೇದ್ಯ ತೋರಿಸಿ ನೀವೇ ತಿಂದ ಹಾಗಾಯಿತು" ಎಂದಳು. ಇದಕ್ಕಿಂತ ಚೆನ್ನಾಗಿ ಈ ವಿಷಯವನ್ನು ನಾನೂ ಹೇಳಲಾರೆನು. ಆದರೂ ಅದು ಹೇಗೆಂಬುದನ್ನು ಕ್ರಮವಾಗಿ ನೋಡೋಣ.

ಮೊದಲು ಬ್ಯಾಟರಿ ಎಂದರೇನು? ಅದರೊಳಗೆ ವಿದ್ಯುತ್ತು ನೀರಿನಂತೆ ತುಂಬಿಕೊಂಡಿರುವುದೆಂದು ಅನೇಕರು ಭಾವಿಸಿರುವರು. ಹಾಗಲ್ಲ. ಮೋಟಾರು ಸೈಕಲ್ಲಿನಲ್ಲಿ ಸಾಮಾನ್ಯವಾಗಿರುವ ಬ್ಯಾಟರಿಯು ಸೀಸದ್ದು. ಗಾಸ್ತೋನ್ ಪ್ಲಾಂತೆ ಎಂಬ ಫ್ರೆಂಚ್ ವಿಜ್ಞಾನಿಯು ೧೮೫೯ರಲ್ಲಿ ಇದನ್ನು ಕಂಡುಹಿಡಿದನು. ಇದರಲ್ಲಿ ಆರು ಕೋಣೆಗಳಿರುವುವು. ಒಂದೊಂದು ಕೋಣೆಯು ಎರಡು ವೋಲ್ಟಿಗೆ ಸ್ವಲ್ಪ ಹೆಚ್ಚಾದ ಒತ್ತಡವನ್ನು ಕೊಡುವುದು. ಆರೂ ಸೇರಿ ಹನ್ನೆರಡು ವೋಲ್ಟಿನ ಬ್ಯಾಟರಿ ಎಂದು ಹೆಸರಾಯಿತು. ಪ್ರತಿ ಕೋಣೆಯಲ್ಲಿಯೂ ಎರಡು ಬಗೆಯ ಫಲಕಗಳುಂಟು: ಒಂದು ಶುದ್ಧವಾದ ಸೀಸ, ಇನ್ನೊಂದು ಆಮ್ಲಜನಕದೊಡನೆ ಕೂಡಿದ ಸೀಸ. ಅವುಗಳ ನಡುವೆ ನೀರು ಬೆರೆಸಿದ ಗಂಧಕಾಮ್ಲ. ಬ್ಯಾಟರಿಯಿಂದ ನಾವು ವಿದ್ಯುತ್ತನ್ನು ತೆಗೆಯುವಾಗ ಆಮ್ಲದೊಳಗಿನ ಗಂಧಕಾಂಶವು ಎರಡು ಫಲಕಗಳ ಮೇಲೂ ಹತ್ತಿಕೊಂಡು ಸೀಸದ ಸಲ್ಫೇಟು ಎಂಬ ಬಿಳಿಯ ಲವಣವಾಗುವುದು, ಆಮ್ಲವು ನೀರುನೀರಾಗುವುದು. ಹೊರಗಿನಿಂದ ತಿರುಗುಮುರುಗಾಗಿ ವಿದ್ಯುತ್ತನ್ನು ಹಾಯಿಸಿದರೆ ಆ ಲವಣವು ಬಿಟ್ಟುಕೊಂಡು ಫಲಕಗಳೂ ಆಮ್ಲವೂ ಪೂರ್ವಸ್ಥಿತಿಗೆ ಬರುವುವು. ಇದನ್ನೇ ಲೋಕದಲ್ಲಿ ಚಾರ್ಜು ಮಾಡುವುದೆನ್ನುವರು. ಆದುದರಿಂದ ಬ್ಯಾಟರಿಯು ಕೊಡವಲ್ಲ, ರಸಾಯನಕ್ರಿಯೆಯ ಒಂದು ಪಾಕಶಾಲೆ.

ಇಲ್ಲಿ ಗೃಹಸ್ಥರು ಮುಖ್ಯವಾಗಿ ನೆನಪಿನಲ್ಲಿಡತಕ್ಕ ಅಂಶವೊಂದುಂಟು. ಆ ಬಿಳಿಯ ಲವಣವು ಹೊಸದಾಗಿರುವಾಗ ಸುಲಭವಾಗಿ ಬಿಟ್ಟುಕೊಳ್ಳುವುದು. ಬ್ಯಾಟರಿಯನ್ನು ಬರಿದಾದ ಸ್ಥಿತಿಯಲ್ಲಿಯೇ ವಾರಗಟ್ಟಲೆ ಬಿಟ್ಟರೆ ಅದು ಹರಳುಗಟ್ಟಿ ಗಟ್ಟಿಯಾಗುವುದು. ಪಾತ್ರೆಯನ್ನು ಉಂಡ ಕೂಡಲೇ ತೊಳೆದರೆ ಒಂದು ಕೈ ನೀರು ಸಾಕು. ನಾಲ್ಕು ದಿನ ಬಿಟ್ಟರೆ ಹುಣಿಸೆಹಣ್ಣು ಹಾಕಿ ತಿಕ್ಕಿದರೂ ಹೋಗದು. ಬರಿದಾಗಿ ಬಹುದಿನವಿದ್ದ ಬ್ಯಾಟರಿಯು ಮತ್ತೆ ತುಂಬಿಕೊಳ್ಳದಿರುವುದಕ್ಕೆ ಇದೇ ಕಾರಣ.

ಇನ್ನು ಆಯದ ಮೂಲವನ್ನು ನೋಡೋಣ. ೧೮೩೧ರಲ್ಲಿ ಇಂಗ್ಲೆಂಡಿನ ಮೈಕೇಲ್ ಫ್ಯಾರಡೇ ಮಹಾಶಯನು, ತಂತಿಯ ಸುರುಳಿಯ ಸಮೀಪದಲ್ಲಿ ಅಯಸ್ಕಾಂತವನ್ನು ಚಲಿಸಿದರೆ ಆ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಪ್ರಯೋಗದಿಂದ ತೋರಿಸಿದನು. ಅಯಸ್ಕಾಂತವು ಸುಮ್ಮನಿದ್ದರೆ ಏನೂ ಇಲ್ಲ; ಚಲನೆಯೇ ಪ್ರಧಾನ. ಚಲನೆಯು ವೇಗವಾದಷ್ಟೂ ವಿದ್ಯುತ್ತಿನ ಒತ್ತಡವು ಹೆಚ್ಚು. ನಮ್ಮ ಕಾಲದವರೆಲ್ಲರೂ ಇದನ್ನು ಕಣ್ಣಾರೆ ಕಂಡಿರುವೆವು. ಸೈಕಲ್ಲಿನ ಚಕ್ರಕ್ಕೆ ಒತ್ತಿಕೊಂಡು ತಿರುಗುತ್ತಿದ್ದ ಡೈನಮೋ ನೆನಪಿದೆಯಷ್ಟೆ? ಇಳಿಜಾರಿನಲ್ಲಿ ದೀಪವು ಹಗಲಿನಂತೆ ಬೆಳಗುತ್ತಿದ್ದಿತು. ಏರಿನಲ್ಲಿ ನಾವು ಏದುಸಿರು ಬಿಡುವಾಗ ಅದೂ ಮಿಣುಕುತ್ತಿದ್ದಿತು. ಇಳಿದು ನಿಂತರೆ ಆರಿಹೋಗುತ್ತಿದ್ದಿತು. ಈ ಒಂದು ಅನುಭವವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಸುಗಮ.

ಮೋಟಾರು ಸೈಕಲ್ಲಿನ ಇಂಜಿನಿನ ಮುಖ್ಯವಾದ ತಿರುಗುದಂಡಕ್ಕೆ ಬಟ್ಟಲಿನಾಕಾರದ ಒಂದು ಭಾರವಾದ ಗಾಲಿಯುಂಟು. ಅದರ ಒಳಮೈಯಲ್ಲಿ ಅಯಸ್ಕಾಂತಗಳನ್ನು ಉತ್ತರ, ದಕ್ಷಿಣ, ಉತ್ತರ, ದಕ್ಷಿಣ ಎಂಬ ಕ್ರಮದಲ್ಲಿ ಜೋಡಿಸಿರುವರು. ಬಟ್ಟಲಿನ ನಡುವೆ ಕದಲದೆ ನಿಂತಿರುವ ಕಬ್ಬಿಣದ ಚಕ್ರಾಕೃತಿಯ ಹಲ್ಲುಗಳಿಗೆ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತಿರುವರು. ಇಂಜಿನು ತಿರುಗಿದಾಗ ಅಯಸ್ಕಾಂತಗಳು ಸುರುಳಿಗಳ ಸುತ್ತಲೂ ಪ್ರದಕ್ಷಿಣೆ ಮಾಡುವುವು. ಸುರುಳಿಗಳಲ್ಲಿ ವಿದ್ಯುತ್ತು ಹುಟ್ಟುವುದು. ಇದಕ್ಕೆ ಆಲ್ಟರ್ನೇಟರ್ ಎಂದು ಹೆಸರು.

ಇದು ಪುಕ್ಕಟೆಯಾಗಿ ದೊರೆಯುವುದೇ ಎಂದು ಕೇಳುವಿರಾದರೆ, ಇಲ್ಲ. ಹುಟ್ಟಿದ ವಿದ್ಯುತ್ತು ತನ್ನನ್ನು ಹುಟ್ಟಿಸಿದ ಚಲನೆಯನ್ನೇ ತಡೆಯಲು ನೋಡುವುದೆಂಬುದನ್ನು ೧೮೩೪ರಲ್ಲಿ ಲೆಂಟ್ಸ್ ಎಂಬ ವಿಜ್ಞಾನಿಯು ತಿಳಿಸಿದನು. ಡೈನಮೋ ಒತ್ತಿದಾಗ ಸೈಕಲ್ಲು ತುಳಿಯುವುದು ಭಾರವೆನಿಸುತ್ತಿದ್ದಿತಲ್ಲವೆ? ಇಲ್ಲಿಯೂ ಆ ಭಾರವನ್ನು ಇಂಜಿನು ಹೊರುವುದು. ಅದರ ಬೆಲೆಯನ್ನು ಪೆಟ್ರೋಲು ತೆರುವುದು. ಲೋಕದಲ್ಲಿ ವ್ಯಯವಿಲ್ಲದ ಆಯವೆಂಬುದಿಲ್ಲ.

ಆದರೆ ಈ ವಿದ್ಯುತ್ತನ್ನು ಹುಟ್ಟಿದಂತೆಯೇ ಬ್ಯಾಟರಿಗೆ ಉಣಿಸುವಂತಿಲ್ಲ. ಅದಕ್ಕೆ ಎರಡು ದೋಷಗಳುಂಟು.

ಮೊದಲನೆಯ ದೋಷವು ದಿಕ್ಕಿನದು. ಉತ್ತರಧ್ರುವವು ಸುರುಳಿಯನ್ನು ದಾಟುವಾಗ ಪ್ರವಾಹವು ಒಂದು ಕಡೆಗೆ ಹರಿದರೆ, ದಕ್ಷಿಣಧ್ರುವವು ದಾಟುವಾಗ ಮತ್ತೊಂದು ಕಡೆಗೆ ಹರಿಯುವುದು. ಬಟ್ಟಲಿನಲ್ಲಿ ಹನ್ನೆರಡು ಧ್ರುವಗಳಿದ್ದರೆ ಒಂದು ಸುತ್ತಿಗೆ ಆರು ಸಲ ಈ ಹೋಗಿಬರುವಿಕೆ ನಡೆಯುವುದು. ನಿಮಿಷಕ್ಕೆ ೧,೫೦೦ ಸುತ್ತು ತಿರುಗುವ ಇಂಜಿನಿನಲ್ಲಿ ಇದು ಸೆಕೆಂಡಿಗೆ ೧೫೦ ಸಲವಾಯಿತು. ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನಲ್ಲಿ ಇದು ೫೦ ಸಲ ಮಾತ್ರ. ಬ್ಯಾಟರಿಗಾದರೋ ಒಂದೇ ದಿಕ್ಕಿನ ಪ್ರವಾಹ ಬೇಕು. ಇಲ್ಲದಿದ್ದರೆ ಈ ಗಳಿಗೆ ತುಂಬಿದುದನ್ನು ಮರುಗಳಿಗೆ ಹೊರಗೆಳೆದಂತಾಗುವುದು. ಈ ದೋಷವನ್ನು ಪರಿಹರಿಸುವ ಉಪಕರಣವೇ ರೆಕ್ಟಿಫೈಯರ್. ಬಾವಿಯೊಳಗೆ ಇಳಿಬಿಟ್ಟ ಪಂಪಿನ ಕೊಳವೆಯ ಬುಡದಲ್ಲಿ ನೀರನ್ನು ಮೇಲಕ್ಕೆ ಬಿಟ್ಟು ಕೆಳಕ್ಕೆ ಬಿಡದ ಕವಾಟವಿರುವುದಷ್ಟೆ? ಹಾಗೆಯೇ ಇದರೊಳಗಿನ ಡಯೋಡುಗಳು ಪ್ರವಾಹವನ್ನು ಒಂದೇ ಕಡೆಗೆ ಬಿಡುವುವು. ನಾಲ್ಕು ಡಯೋಡುಗಳನ್ನು ಯುಕ್ತಿಯಿಂದ ಜೋಡಿಸಿದರೆ ಹೋಗುವ ಅಲೆಯೂ ಬರುವ ಅಲೆಯೂ ಎರಡೂ ಒಂದೇ ದಿಕ್ಕಿನಿಂದ ಬ್ಯಾಟರಿಗೆ ತಲಪುವುವು. ಇಂಜಿನು ನಿಂತಾಗ ಬ್ಯಾಟರಿಯ ವಿದ್ಯುತ್ತು ಸುರುಳಿಗಳಿಗೆ ಹಿಂದೆ ಹರಿಯದಂತೆ ತಡೆಯುವುದೂ ಈ ಕವಾಟಗಳೇ.

ಎರಡನೆಯ ದೋಷವು ಪ್ರಮಾಣದ್ದು. ಇಂಜಿನು ನಿಧಾನವಾದಾಗ ಒತ್ತಡ ಕಡಿಮೆ, ವೇಗವಾದಾಗ ಅತಿಯಾಗುವುದು. ಹನ್ನೆರಡು ವೋಲ್ಟಿನ ಬ್ಯಾಟರಿಯು ತುಂಬಬೇಕಾದರೆ ಅದಕ್ಕಿಂತ ಹೆಚ್ಚಿನ ಒತ್ತಡ, ಸುಮಾರು ಹದಿನಾಲ್ಕು ವೋಲ್ಟು ಬೇಕು. ಹದಿನೈದನ್ನು ಮೀರಿದರೆ ಒಳಗಿನ ನೀರು ಜಲಜನಕ ಆಮ್ಲಜನಕಗಳಾಗಿ ಒಡೆದು ಆವಿಯಂತೆ ಹೋಗಿ, ಫಲಕಗಳು ಒಣಗಿ ಕೆಡುವುವು. ಉಪವಾಸವೂ ರೋಗ, ಅತಿಭೋಜನವೂ ರೋಗ. ಇದನ್ನು ಕಾಯುವ ವೈದ್ಯನೇ ರೆಗ್ಯುಲೇಟರ್. ಒತ್ತಡವು ಹದಿನಾಲ್ಕೂವರೆಯ ಆಸುಪಾಸಿಗೆ ಬಂದೊಡನೆ ಅನೇಕ ವಾಹನಗಳಲ್ಲಿ ಅದು ಹೆಚ್ಚಿನ ಪ್ರವಾಹವನ್ನು ಬ್ಯಾಟರಿಗೆ ಬಿಡದೆ ಸುರುಳಿಗೇ ಹಿಂದಿರುಗಿಸಿಬಿಡುವುದು. ಕೆಲವು ವಾಹನಗಳಲ್ಲಿ ದಾರಿಯನ್ನೇ ಮುಚ್ಚುವುದು. ಈ ಕೆಲಸದಲ್ಲಿ ಅದು ಬಿಸಿಯಾಗುವುದು. ಆದುದರಿಂದಲೇ ಅದರ ಮೈಮೇಲೆ ಅಲ್ಯೂಮಿನಿಯಮ್ಮಿನ ಏಣುಗಳನ್ನಿಟ್ಟು, ಗಾಳಿ ಬೀಸುವ ಸ್ಥಳದಲ್ಲಿ ಕೂಡಿಸಿರುವರು. ಈ ಕಾಲದಲ್ಲಿ ರೆಕ್ಟಿಫೈಯರ್, ರೆಗ್ಯುಲೇಟರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿಡುವುದು ವಾಡಿಕೆ.

ಹಿಂದಿನ ವಾಹನಗಳಲ್ಲಿ ಈ ವ್ಯವಸ್ಥೆ ಬೇರೆಯಾಗಿದ್ದಿತು. ನಮ್ಮ ಮೈಸೂರಿನಲ್ಲಿ ೧೯೬೧ರಲ್ಲಿ ಆರಂಭವಾಗಿ ೧೯೯೬ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಮೊದಮೊದಲಿನ ಜಾವಾ ವಾಹನಗಳಲ್ಲಿ ಆರು ವೋಲ್ಟಿನ ಬ್ಯಾಟರಿಯೂ ನೇರಪ್ರವಾಹವನ್ನೇ ಕೊಡುವ ಡೈನಮೋವೂ ಇದ್ದುವು. ಮದರಾಸಿನಲ್ಲಿ ತಯಾರಾಗುತ್ತಿದ್ದ ಹಳೆಯ ಬುಲೆಟ್ಟನ್ನು ಕಂಡವರಿಗೆ ಅದರ ತಲೆದೀಪದ ಮೇಲ್ಗಡೆ ಇದ್ದ ಚಿಕ್ಕ ಆಂಪೇರುಮಾಪಕವು ನೆನಪಿರಬಹುದು. ನಿಂತಲ್ಲಿ ದೀಪ ಹಾಕಿದರೆ ಅದರ ಮುಳ್ಳು ಋಣದ ಕಡೆಗೆ ವಾಲುತ್ತಿದ್ದಿತು. ವೇಗವಾಗಿ ಹೋಗುವಾಗ ಧನದ ಕಡೆಗೆ ತಿರುಗುತ್ತಿದ್ದಿತು. ಸವಾರನ ಕಣ್ಣೆದುರಿಗೇ ಲೆಕ್ಕದ ಪುಸ್ತಕವು ತೆರೆದಿದ್ದಂತೆ. ಆ ಮುಳ್ಳು ಮಗನ ವಾಹನದಲ್ಲಿದ್ದಿದ್ದರೆ ನನ್ನ ತಪ್ಪು ಮೊದಲ ದಿನವೇ ತಿಳಿಯುತ್ತಿದ್ದಿತು.

ಈಗ ನನ್ನ ನಲವತ್ತು ದಿನಗಳ ಜಮಾಖರ್ಚನ್ನು ಬರೆದು ತೋರಿಸುವೆನು. ಬ್ಯಾಟರಿಯ ಮೇಲೆ ೫ ಆಂಪೇರು ಗಂಟೆ ಎಂದು ಬರೆದಿದ್ದಿತು. ಎಂದರೆ ಒಂದು ಆಂಪೇರಿನಂತೆ ತೆಗೆದರೆ ಸುಮಾರು ಐದು ಗಂಟೆಯವರೆಗೆ ಕೊಡುವ ಸಾಮರ್ಥ್ಯ. ಇಂಜಿನನ್ನು ಎಬ್ಬಿಸುವ ಮೋಟಾರಿಗೆ ಹಲವು ಹತ್ತು ಆಂಪೇರು ಬೇಕು. ೬೦ ಎಂದಿಟ್ಟುಕೊಂಡು, ಗುಂಡಿಯನ್ನು ಮೂರು ಸೆಕೆಂಡು ಒತ್ತಿದೆವೆಂದರೆ ೧೮೦ ಆಂಪೇರು ಸೆಕೆಂಡು ಖರ್ಚು. ಗಂಟೆಗೆ ೩,೬೦೦ ಸೆಕೆಂಡುಗಳಾದುದರಿಂದ ಇದನ್ನು ಭಾಗಿಸಲು ೦.೦೫ ಆಂಪೇರು ಗಂಟೆಯಾಯಿತು. ಇದು ಅಲ್ಪವೇ. ಆದರೆ ನಲವತ್ತು ದಿನಕ್ಕೆ ೨ ಆಂಪೇರು ಗಂಟೆ. ಇದಲ್ಲದೆ ವಾಹನವು ಬೀಗ ಹಾಕಿ ನಿಂತಿರುವಾಗಲೂ ಅದರ ಗಡಿಯಾರವು ಎಚ್ಚರವಾಗಿರುವುದು. ಅದಕ್ಕೆ ಆಂಪೇರಿನ ಸಾವಿರದಲ್ಲೊಂದು ಭಾಗವೆಂದು ಹಿಡಿದರೂ ನಲವತ್ತು ದಿನಕ್ಕೆ ಸುಮಾರು ೧ ಆಂಪೇರು ಗಂಟೆ. ಒಟ್ಟು ಖರ್ಚು ೩. ಬ್ಯಾಟರಿಯು ತಾನಾಗಿಯೇ ಒಳಗೊಳಗೆ ಸೋರುವುದೂ ಉಂಟು. ಬಿಸಿಲಿನಲ್ಲಿ ಅದು ಇನ್ನೂ ಹೆಚ್ಚು.

ಜಮಾ ಎಷ್ಟು? ನಿಂತಲ್ಲಿ ಗುರುಗುಟ್ಟುವ ಇಂಜಿನಿನ ವೇಗವು ನಿಮಿಷಕ್ಕೆ ಸುಮಾರು ೧,೫೦೦ ಸುತ್ತು. ರಸ್ತೆಯ ಮೇಲೆ ಓಡುವಾಗ ೪,೦೦೦ ದಿಂದ ೫,೦೦೦. ೨೦೧೭ರ ಏಪ್ರಿಲ್ ೧ರಿಂದ ನಮ್ಮ ದೇಶದ ದ್ವಿಚಕ್ರವಾಹನಗಳಲ್ಲಿ ಇಂಜಿನು ಎದ್ದೊಡನೆ ತಲೆದೀಪವೂ ತಾನಾಗಿಯೇ ಹೊತ್ತಿಕೊಳ್ಳಬೇಕೆಂಬ ನಿಯಮ ಬಂದಿರುವುದು. ೩೫ ವಾಟಿನ ದೀಪವಾದರೆ ಅದೊಂದೇ ಸುಮಾರು ೩ ಆಂಪೇರನ್ನು ನುಂಗುವುದು. ಪೆಟ್ರೋಲನ್ನು ಚಿಮುಕಿಸುವ ಪಂಪು, ಕಿಡಿ ಹಾರಿಸುವ ಉಪಕರಣ, ಹಿಂದಿನ ದೀಪ ಇವುಗಳ ಪಾಲು ಬೇರೆ. ನಿಧಾನವೇಗದಲ್ಲಿ ಹುಟ್ಟುವ ಅಲ್ಪಸ್ವಲ್ಪ ವಿದ್ಯುತ್ತು ಇವಕ್ಕೇ ಸರಿಹೋಗುವುದು. ಬ್ಯಾಟರಿಗೆ ಉಳಿಯುವುದು ಸೊನ್ನೆ, ಅಥವಾ ಸೊನ್ನೆಯ ನೆರೆಹೊರೆ. ಅಂತೂ ನಾನು ದಿನವೂ ಗಂಟಿನಿಂದ ಒಂದು ಹಿಡಿ ತೆಗೆದು, ಏನನ್ನೂ ಹಾಕದೆ, ಹಾಕಿದೆನೆಂದು ನಂಬಿ ಮಲಗುತ್ತಿದ್ದೆನು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: "ಹಾಗಾದರೆ ದಿನವೂ ಪೇಟೆಗೆ ಹೋಗಿಬರುವವರ ಬ್ಯಾಟರಿಯು ವರ್ಷಗಟ್ಟಲೆ ಹೇಗೆ ಬಾಳುವುದು?" ಎಂದು. ಸಮಾಧಾನವೇನೆಂದರೆ, ರಸ್ತೆಯ ವೇಗದಲ್ಲಿ ಎಲ್ಲಾ ಖರ್ಚು ಕಳೆದು ೨ ಆಂಪೇರು ಮಿಕ್ಕಿತೆಂದರೂ ಒಂದು ಸಲ ಎಬ್ಬಿಸಿದ ಸಾಲವು ಒಂದೂವರೆ, ಎರಡು ನಿಮಿಷಗಳಲ್ಲಿ ತೀರಿಹೋಗುವುದು. ಆಮೇಲಿನದೆಲ್ಲ ಉಳಿತಾಯ. ಆದರೆ ಮೂರು ಆಂಪೇರು ಗಂಟೆಯ ಸಾಲವನ್ನು ತೀರಿಸಲು ಅದೇ ಲೆಕ್ಕದಲ್ಲಿ ಒಂದೂವರೆ ಗಂಟೆಗೂ ಹೆಚ್ಚು ಕಾಲ ಓಡಿಸಬೇಕು. ಪೂರ್ಣವಾಗಿ ಇಳಿದ ಬ್ಯಾಟರಿಯು ಅಂಗಡಿಗೆ ಹೋಗಿಬಂದ ಮಾತ್ರಕ್ಕೆ ತುಂಬಲಿಲ್ಲವೆಂದು ಕೊರಗುವವರು ಇದನ್ನು ತಿಳಿಯಬೇಕು.

ಇನ್ನೊಂದು ಪೂರ್ವಪಕ್ಷ: "ತಳ್ಳಿದರೆ ಏಳುವುದಿಲ್ಲವೆ?" ಹಳೆಯ ವಾಹನಗಳು ಹಲವು ಏಳುತ್ತಿದ್ದುವು. ೨೦೨೦ರ ಏಪ್ರಿಲ್ ತಿಂಗಳ ಹೊಗೆನಿಯಮದ ತರುವಾಯ ಬಂದ ವಾಹನಗಳಲ್ಲಿ ಬಹುಪಾಲು ಪೆಟ್ರೋಲನ್ನು ವಿದ್ಯುತ್ತಿನಿಂದ ಚಿಮುಕಿಸತಕ್ಕವು. ಬ್ಯಾಟರಿಯಲ್ಲಿ ಜೀವ ಸ್ವಲ್ಪವಾದರೂ ಉಳಿದಿದ್ದು ಪಂಪು ಗುಂಯ್ಗುಟ್ಟಿದರೆ ತಳ್ಳಿ ಎಬ್ಬಿಸಬಹುದು. ಪಂಪೇ ಮೌನವಾದರೆ ಎಷ್ಟು ತಳ್ಳಿದರೂ ಬೆವರೇ ಫಲ.

ರಿಪೇರಿಯವನು ನನಗೆ ಒಂದು ಪರೀಕ್ಷೆಯನ್ನು ಹೇಳಿಕೊಟ್ಟನು. ವಿದ್ಯುತ್ ಸಾಮಾನಿನ ಅಂಗಡಿಗಳಲ್ಲಿ ಕೆಲವೇ ನೂರು ರೂಪಾಯಿಗೆ ಸಿಕ್ಕುವ ಮಲ್ಟಿಮೀಟರ್ ಎಂಬ ಮಾಪಕವನ್ನು ನೇರಪ್ರವಾಹದ ೨೦ ವೋಲ್ಟಿನ ಮನೆಗೆ ತಿರುಗಿಸಿ, ಕೆಂಪು ಕಡ್ಡಿಯನ್ನು ಬ್ಯಾಟರಿಯ ಧನಧ್ರುವಕ್ಕೂ ಕಪ್ಪು ಕಡ್ಡಿಯನ್ನು ಋಣಧ್ರುವಕ್ಕೂ ಮುಟ್ಟಿಸಬೇಕು. ಇಂಜಿನು ಆರಿ ಕೆಲವು ಗಂಟೆಗಳಾದ ಮೇಲೆ ೧೨.೬ ರಿಂದ ೧೨.೮ ತೋರಿದರೆ ಬ್ಯಾಟರಿಯು ತುಂಬಿದೆ. ೧೨ಕ್ಕೆ ಇಳಿದಿದ್ದರೆ ಬಹುಮಟ್ಟಿಗೆ ಬರಿದಾಗಿದೆ. ಅನಂತರ ಇಂಜಿನನ್ನು ಎಬ್ಬಿಸಿ ವೇಗವನ್ನು ಏರಿಸಿ ನೋಡಬೇಕು. ಹದಿಮೂರೂವರೆಗೂ ಹದಿನಾಲ್ಕೂವರೆಗೂ ನಡುವೆ ನಿಂತರೆ ಆಯವು ಸರಿಯಾಗಿದೆ. ಹನ್ನೆರಡರಲ್ಲಿಯೇ ನಿಂತರೆ ಸುರುಳಿ, ರೆಗ್ಯುಲೇಟರ್, ನಡುವಿನ ತಂತಿ ಇವುಗಳಲ್ಲಿ ಎಲ್ಲಿಯೋ ಕೊರತೆಯಿದೆ. ಹದಿನೈದನ್ನು ದಾಟಿದರೆ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯನ್ನು ಬೇರೆ ಚಾರ್ಜರಿನಿಂದ ತುಂಬಿ ಕೂಡಿಸಿದ ಮೇಲೆ ಮಗನ ವಾಹನವು ಆರಿದ್ದಾಗ ೧೨.೭, ನಿಂತಲ್ಲಿ ಗುರುಗುಟ್ಟುವಾಗ ೧೨.೮, ವೇಗ ಏರಿಸಿದಾಗ ೧೪.೨ ತೋರಿಸಿತು. ವೇಗವಿದ್ದರೆ ಆಯವುಂಟು, ವೇಗವಿಲ್ಲದಿದ್ದರೆ ಆಯವಿಲ್ಲ. ಅನ್ವಯ, ವ್ಯತಿರೇಕಗಳೆರಡೂ ನನ್ನ ಕಣ್ಣೆದುರಿಗೆ ಸಿದ್ಧವಾದುವು. ಯಂತ್ರದಲ್ಲಿ ದೋಷವಿರಲಿಲ್ಲ, ಇದ್ದುದು ಯಜಮಾನನಲ್ಲಿ.

ಈ ಪರೀಕ್ಷೆಯನ್ನು ಮಾಡದೆ ಬ್ಯಾಟರಿಯನ್ನೇ ಬದಲಾಯಿಸುವುದು ದುಡ್ಡಿಗೆ ದಂಡ. ಆಯವೇ ನಿಂತುಹೋಗಿದ್ದರೆ ಹೊಸ ಬ್ಯಾಟರಿಯೂ ನಾಲ್ಕು ದಿನದಲ್ಲಿ ಹಳೆಯದರ ಗತಿಯನ್ನೇ ಹೊಂದುವುದು.

ಗೃಹಸ್ಥರ ಅನುಕೂಲಕ್ಕಾಗಿ ಉಳಿದ ಮಾತುಗಳನ್ನು ಸಂಗ್ರಹವಾಗಿ ಹೇಳುವೆನು. ವಾಹನವನ್ನು ದಿನವೂ ಬಳಸದವರು ವಾರಕ್ಕೊಮ್ಮೆಯಾದರೂ ಇಪ್ಪತ್ತರಿಂದ ಮೂವತ್ತು ನಿಮಿಷ ರಸ್ತೆಯ ಮೇಲೆ ಓಡಿಸತಕ್ಕದ್ದು. ಅದಾಗದಿದ್ದರೆ ಸುಮ್ಮನೆ ಎಬ್ಬಿಸಿ ಆರಿಸುವುದಕ್ಕಿಂತ ಮುಟ್ಟದೆ ಬಿಡುವುದು ಲೇಸು. ತಿಂಗಳುಗಟ್ಟಲೆ ಊರುಬಿಡುವವರು ಬ್ಯಾಟರಿಯ ಋಣದ ತಂತಿಯನ್ನು ಕಳಚಿಡಬೇಕು, ಬಂದು ನೋಡುವವರಿದ್ದರೆ ತಿಂಗಳಿಗೊಮ್ಮೆ ಚಾರ್ಜರಿನಿಂದ ತುಂಬಿಸಬೇಕು. ಕಳಚುವಾಗ ಋಣ ಮೊದಲು, ಧನ ಆಮೇಲೆ. ಕೂಡಿಸುವಾಗ ಧನ ಮೊದಲು, ಋಣ ಆಮೇಲೆ. ತಂತಿಗಳನ್ನು ಅದಲುಬದಲು ಮಾಡಿದರೆ ರೆಕ್ಟಿಫೈಯರ್ ಸುಟ್ಟುಹೋದೀತು. ಚಾರ್ಜರಿನ ಪ್ರವಾಹವು ಬ್ಯಾಟರಿಯ ಸಾಮರ್ಥ್ಯದ ಹತ್ತರಲ್ಲೊಂದು ಪಾಲಿರುವುದು ಕ್ಷೇಮ. ೫ ಆಂಪೇರು ಗಂಟೆಯ ಬ್ಯಾಟರಿಗೆ ಅರ್ಧ ಆಂಪೇರಿನಂತೆ ಹತ್ತು ಹನ್ನೆರಡು ಗಂಟೆ. ಚಾರ್ಜಾಗುವಾಗ ಹೊರಡುವ ಜಲಜನಕವು ಹತ್ತಿಕೊಳ್ಳುವ ಅನಿಲವಾದುದರಿಂದ ದೇವರ ದೀಪ, ಒಲೆ, ಬೀಡಿ ಇವು ಹತ್ತಿರ ಬೇಡ. ಮುಚ್ಚಳ ತೆರೆಯುವ ಹಳೆಯ ಬಗೆಯ ಬ್ಯಾಟರಿಗೆ ಭಟ್ಟಿ ಇಳಿಸಿದ ನೀರನ್ನು ಮಾತ್ರ ಹಾಕಬೇಕು. ನಲ್ಲಿಯ ನೀರೂ ಸಲ್ಲದು, ಆಮ್ಲವೂ ಸಲ್ಲದು. ಮುಚ್ಚಳವನ್ನು ಭದ್ರಮಾಡಿದ ಹೊಸ ಬಗೆಯದನ್ನು ತೆರೆಯಲೇಬಾರದು. ಧ್ರುವಗಳ ಮೇಲೆ ಬಿಳಿಯ ಅಥವಾ ಹಸಿರು ಪುಡಿ ಕಟ್ಟಿದ್ದರೆ ತಂತಿಗಳನ್ನು ಕಳಚಿ, ಅಡಿಗೆಸೋಡ ಕಲಸಿದ ನೀರಿನಲ್ಲಿ ನೆನೆದ ಬಟ್ಟೆಯಿಂದ ಒರೆಸಿ, ಒಣಗಿಸಿ, ವ್ಯಾಸಲೀನು ಸವರಿ, ತಿರುಪನ್ನು ಬಿಗಿಯಬೇಕು. ಎಷ್ಟೋ ಸಲ ರೋಗವು ಅಲ್ಲಿಗೇ ತೀರುವುದು.

ಆ ಬ್ಯಾಟರಿಯು ಒಂದೆರಡು ದಿನವಷ್ಟೇ ಬರಿದಾಗಿದ್ದುದರಿಂದ ಬದುಕಿಕೊಂಡಿತು. ಈಗ ನಾನು ಪ್ರತಿ ಭಾನುವಾರ ಬೆಳಿಗ್ಗೆ ವಾಹನವನ್ನೇರಿ ಊರ ಹೊರಗಿನ ಕೆರೆಯ ಏರಿಯವರೆಗೆ ಹೋಗಿ ಬರುವೆನು. ಹೋಗಿ ಬರಲು ಅರ್ಧ ಗಂಟೆ. ನನ್ನ ಪತ್ನಿಯು ಔಷಧದ ಡಬ್ಬಿಗಳನ್ನು ಎರಡೆರಡಾಗಿ ತರಿಸಿಡುವಳು. ಒಂದರ ಮೇಲೆಯೇ ಭಾರ ಹಾಕುವುದನ್ನು ನಾವಿಬ್ಬರೂ ಬಿಟ್ಟಿದ್ದೇವೆ. ಎದುರುಮನೆಯವರ ಬಾಗಿಲಿಗೆ ಹೋಗಿ, "ನಾನು ಹೇಳಿಕೊಟ್ಟುದು ತಪ್ಪು, ದಯವಿಟ್ಟು ನಿಲ್ಲಿಸಿರಿ" ಎಂದು ಹೇಳಿಬಂದೆನು. ಅವರು, "ನಿಲ್ಲಿಸಿ ಬಹಳ ದಿನವಾಯಿತು ಸ್ವಾಮಿ, ನಮ್ಮ ಬ್ಯಾಟರಿ ಹೋದ ತಿಂಗಳೇ ಹೋಯಿತು. ನೀವು ಬೇಜಾರು ಮಾಡಿಕೊಳ್ಳುತ್ತೀರೆಂದು ಹೇಳಲಿಲ್ಲ" ಎಂದರು. ಅವರು ಅಂದೇ ಹೇಳಿದ್ದರೆ ಆ ರಾತ್ರಿಯ ಸಂಕಟವು ತಪ್ಪುತ್ತಿದ್ದಿತು. ಮೇಷ್ಟರಿಗೆ ತಪ್ಪನ್ನು ತೋರಿಸಲು ಜನರು ಹಿಂಜರಿಯುವಂತೆ ನಡೆದುಕೊಂಡುದೂ ನನ್ನದೇ ದೋಷವಿರಬೇಕು. ಆದುದರಿಂದ ವಾಚಕರಲ್ಲಿ ಪ್ರಾರ್ಥನೆಯಿಷ್ಟೆ: ಈ ಪುಟದಲ್ಲಿ ನಾನು ಬರೆದುದರಲ್ಲಿ ತಪ್ಪು ಕಂಡುಬಂದರೆ ಕೂಡಲೇ ಒಂದು ಕಾಗದ ಬರೆಯಿರಿ. ಬೇಜಾರು ಮಾಡಿಕೊಳ್ಳುವುದಿಲ್ಲ.